ಲೀಲಾವತಿ ಬೈಪಾಡಿತ್ತಾಯರ ಭಾಗವತಿಕೆ

ತೆಂಕುತಿಟ್ಟಿನ ಭಾಗವತರಾದ ಲೀಲಾವತಿ ಬೈಪಾಡಿತ್ತಾಯರು 2024ನೆಯ ಇಸವಿಯ ಡಿಸೆಂಬರ್ 14ರಂದು, ತಮ್ಮ 77 ವರ್ಷಗಳ ಬಾಳನ್ನು ಮುಗಿಸಿ ದಿವಂಗತರಾದರು. ಆಗ ಅಭಿಮಾನಿಗಳು ಆಡಿದ ಮಾತುಗಳಲ್ಲಿ ದುಃಖವೂ ಹೆಮ್ಮೆಯೂ ಸಮನಾಗಿ ಬೆರೆತಿದ್ದುವು. ಯಕ್ಷಗಾನದ ಪ್ರಥಮ ವೃತ್ತಿಪರ ಮಹಿಳಾ ಭಾಗವತರೆಂಬ ಹೊಗಳಿಕೆಯು ಶ್ರದ್ಧಾಂಜಲಿಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿತು. ಈ ಹೊಗಳಿಕೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಪೀಠವನ್ನು ಮೊದಲು ಏರಿದವರೆಂಬುದನ್ನು ಹೇಳಿ ಮುಗಿಸಿದರೆ, ಆ ಪೀಠದಲ್ಲಿ ಕುಳಿತು ಅವರು ಮಾಡಿದ ಕೆಲಸವು ಮರೆಗೆ ಸರಿಯುತ್ತದೆ. ಗತಿಸಿದ ಕಲಾವಿದರಿಗೆ ಅದರಿಂದ ನ್ಯಾಯವು ದೊರೆಯದು.

ಸೀತಾ ಸ್ವರ್ಣಾ ನದಿಗಳು ಕಡಲನ್ನು ಕೂಡುವ ಹಂಗಾರಕಟ್ಟೆಯು ಬಡಗುತಿಟ್ಟಿನ ನೆಲ. ಅಲ್ಲಿಯ ಯಕ್ಷಗಾನ ಕಲಾಕೇಂದ್ರದ ಹೆಸರನ್ನು ಕೇಳದ ರಸಿಕರು ಕರಾವಳಿಯಲ್ಲಿ ಕಡಮೆ. ಸಮೀಪದ ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ತಾರುಣ್ಯದಲ್ಲಿಯೇ, ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಈ ಸೀಮೆಯ ಮನೆಮನೆಯಲ್ಲಿ ಸೂತಕದ ಛಾಯೆ ಕವಿದಿದ್ದಿತು. ಭಾಗವತನೊಬ್ಬನಿಗಾಗಿ ಜನರು ಹೇಗೆ ಮರುಗುವರೆಂಬುದನ್ನು ಇಲ್ಲಿಯವರಿಗೆ ಬೇರೆ ಹೇಳಬೇಕಾದುದಿಲ್ಲ. ಬಡಗಿನ ತಾಳಕ್ಕೂ ತೆಂಕಿನ ಜಾಗಟೆಗೂ ಅಂತರವಿದೆ. ಚೆಂಡೆಯ ಅಬ್ಬರವೂ ಬೇರೆ, ವೇಷಗಳ ಕಟ್ಟಣೆಯೂ ಬೇರೆ. ಆದರೂ ಭಾಗವತನ ಹೊಣೆಯು ಎರಡು ತಿಟ್ಟುಗಳಲ್ಲಿಯೂ ಒಂದೇ ಆದುದರಿಂದ, ಬಡಗಿನ ರಸಿಕರು ಬೈಪಾಡಿತ್ತಾಯರನ್ನು ಪರಕೀಯರೆಂದು ಎಣಿಸಬೇಕಾಗಿಲ್ಲ.

ಆ ಹೊಣೆಯಾದರೂ ಯಾವುದು? ಭಾಗವತನೇ ಒಂದನೆಯ ವೇಷವೆಂಬ ಮಾತು ಮೇಳಗಳಲ್ಲಿ ರೂಢಿಯಾಗಿದೆ. ಪದ್ಯವನ್ನು ಎತ್ತುವವನೂ ಅವನೇ, ನಿಲ್ಲಿಸುವವನೂ ಅವನೇ. ವೇಷಧಾರಿಯು ದಣಿದಿದ್ದರೆ ಕುಣಿತವನ್ನು ಮೊಟಕುಗೊಳಿಸಬೇಕು. ಮಾತು ಹಳಿ ತಪ್ಪಿದರೆ ಮುಂದಿನ ಪದ್ಯವನ್ನು ಎತ್ತಿ ಕಥೆಯನ್ನು ದಾರಿಗೆ ತರಬೇಕು. ಬೆಳಕು ಹರಿಯುವುದರೊಳಗೆ ಪ್ರಸಂಗವನ್ನು ಮಂಗಳಕ್ಕೆ ಮುಟ್ಟಿಸಬೇಕು. ಕಂಠವೊಂದೇ ಇದ್ದರೆ ಗಾಯಕನಾಗಬಹುದು, ಭಾಗವತನಾಗಲು ಸಾಲದು. ರಾತ್ರಿಯ ಪೂರ್ವಭಾಗವನ್ನು ಕಿರಿಯರಿಗೆ ಬಿಟ್ಟು, ನಡುವಿರುಳ ಅನಂತರದ ಭಾರವನ್ನು ಮುಖ್ಯ ಭಾಗವತನು ಹೊರುವ ಪದ್ಧತಿಯು ಇದಕ್ಕಾಗಿಯೇ ಬೆಳೆದುಬಂದಿತು.

ಬೈಪಾಡಿತ್ತಾಯರು ಜನಿಸಿದುದು 1947ರಲ್ಲಿ, ಕಾಸರಗೋಡಿನ ಮಧೂರಿನಲ್ಲಿ. ಪಾರ್ತಿಸುಬ್ಬನ ಕುಂಬಳೆ ಅಲ್ಲಿಗೆ ದೂರವಲ್ಲ. ಮೊದಲು ಅಭ್ಯಸಿಸಿದುದು ಕರ್ಣಾಟಕ ಸಂಗೀತವನ್ನು. ವಿವಾಹಾನಂತರ, ಚೆಂಡೆ ಮದ್ದಳೆಗಳಲ್ಲಿ ನಿಪುಣರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರ ಮಾರ್ಗದರ್ಶನದಲ್ಲಿ ಅವರಿಗೆ ಯಕ್ಷಗಾನವು ಒದಗಿತು. ಬಪ್ಪನಾಡು, ಕುಂಬಳೆ, ಅರುವ ಮೊದಲಾದ ಮೇಳಗಳಲ್ಲಿ ದಂಪತಿಗಳು ಒಂದೇ ಹಿಮ್ಮೇಳದಲ್ಲಿ ಕುಳಿತರು. ದೀಪಾವಳಿಯ ಹೊತ್ತಿಗೆ ಹೊರಟ ಮೇಳವು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಊರಿಂದೂರಿಗೆ ಇರುಳಿಂದಿರುಳಿಗೆ ಅಲೆಯುತ್ತದೆ. ಗಂಡಸರಿಗಾಗಿಯೇ ಏರ್ಪಟ್ಟ ಆ ಜೀವನಕ್ರಮದಲ್ಲಿ ಗೃಹಿಣಿಯೊಬ್ಬರು ನೆಲೆನಿಂತುದು ಎಷ್ಟು ಕಷ್ಟದ್ದೆಂಬುದನ್ನು ವಾಚಕರೇ ಊಹಿಸಬಹುದು.

ಅವರ ಗಾಯನವನ್ನು ಮೆಚ್ಚುವವರು ಸಾಮಾನ್ಯವಾಗಿ ಹೇಳುವ ಮಾತೊಂದುಂಟು: ಗಂಡಸರಿಗೆ ಸರಿಸಾಟಿಯಾಗಿ ಹಾಡಿದರು ಎಂಬುದು. ಇದು ಪ್ರಶಂಸೆಯಂತೆ ಕೇಳಿಸಿದರೂ ಅಳತೆಗೋಲು ತಪ್ಪಾಗಿದೆ. ಚೆಂಡೆಯ ಪೆಟ್ಟುಗಳ ನಡುವೆ ಏರುಪದ್ಯದ ಅಕ್ಷರಗಳು ಒಡೆಯದೆ ಕೇಳಿಬಂದರೆ ಅದು ಕಂಠಶುದ್ಧಿಯ, ಸಾಹಿತ್ಯಪ್ರಜ್ಞೆಯ ಫಲ, ಗಂಡಸುತನದ ಫಲವಲ್ಲ. ಅವರ ಹಾಡುಗಾರಿಕೆಯಲ್ಲಿ ಎದ್ದು ಕಾಣುವುದು ರಾಗದ ನಿಚ್ಚಳತೆ. ಶ್ರುತಿಯು ಕದಲದು, ಪದವು ಸ್ವರದಲ್ಲಿ ಮುಳುಗದು. ಸಂಗೀತದ ಶಿಕ್ಷಣವು ಕೊಟ್ಟ ಲಾಭವಿದು. ಅದೇ ಶಿಕ್ಷಣದಿಂದ ಆಕ್ಷೇಪಣೆಗೂ ಎಡೆಯಾಗುತ್ತದೆ. ಕೋಟದ ಶಿವರಾಮ ಕಾರಂತರು, 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಯಕ್ಷಗಾನ ಬಯಲಾಟ'ದ ಕರ್ತೃಗಳು, ಈ ಕಲೆಯ ಹಾಡುಗಾರಿಕೆಗೆ ತನ್ನದೇ ಆದ ಸಂಪ್ರದಾಯವುಂಟೆಂದು ಭಾವಿಸಿದವರು. ಆ ಪಂಥದವರು, ಕಚೇರಿಯ ರಾಗಗಳು ನುಗ್ಗಿದಲ್ಲಿ ಹಳೆಯ ಮಟ್ಟುಗಳು ಸೊರಗುತ್ತವೆ ಎನ್ನುತ್ತಾರೆ. ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಬೆರಕೆಯು ಬೈಪಾಡಿತ್ತಾಯರಿಂದ ಆರಂಭವಾದುದೂ ಅಲ್ಲ, ಅವರ ಪೀಳಿಗೆಯ ಗಂಡಸರು ಅದರಿಂದ ದೂರವಿದ್ದವರೂ ಅಲ್ಲ. ತಪ್ಪೆಂದಾದರೆ ಎಲ್ಲರಿಗೂ ಹಂಚಬೇಕಾದ ತಪ್ಪು.

ಹೊಗಳಿದವರಲ್ಲಿ ಹೆಚ್ಚಿನವರು ಗಮನಿಸದ ವಿಚಿತ್ರವೊಂದಿದೆ. ವೃತ್ತಿಮೇಳಗಳಲ್ಲಿ ಸ್ತ್ರೀವೇಷವು ಗಂಡಸರದು. ದಮಯಂತಿಯ ಶೋಕವನ್ನು ಅಭಿನಯಿಸುವವನು ಗಂಡಸು, ಆ ಶೋಕಕ್ಕೆ ಪದ್ಯವನ್ನು ಹೇಳುವವನೂ ಗಂಡಸು. ಕಥೆ ಮಾತ್ರ ಹೆಂಗಸಿನದು. ಅಂತಹ ರಂಗದಲ್ಲಿ ಪದ್ಯವು ಸ್ತ್ರೀಕಂಠದಿಂದ ಹೊರಟಾಗ, ಸೀರೆಯುಟ್ಟ ಪುರುಷನ ಅಭಿನಯಕ್ಕೆ ಹಿಂದಿನಿಂದ ನಿಜವಾದ ಹೆಣ್ಣುದನಿಯೊಂದು ಆಧಾರವಾಗಿ ನಿಂತಿತು. ಅದೇ ದನಿಯು ಮರುಗಳಿಗೆಯಲ್ಲಿ ಭೀಮನ ಗರ್ಜನೆಗೂ ಪದ್ಯವನ್ನು ಒದಗಿಸಬೇಕಾಗಿತ್ತು. ಶತಮಾನಗಳ ಅಭ್ಯಾಸವನ್ನು ಒಬ್ಬರ ಕಂಠವು ಹೀಗೆ ಸದ್ದಿಲ್ಲದೆ ಕದಲಿಸಿದುದು ಯಾವ ಬಿರುದಿಗಿಂತಲೂ ಹೆಚ್ಚಿನದು.

ಇನ್ನು ಶೋಕಾಚರಣೆಯ ರೀತಿಯ ವಿಷಯ. ಅಗಲಿದ ಭಾಗವತರ ಧ್ವನಿಮುದ್ರಣಗಳಿಂದ ಇಂಪಾದ ಹತ್ತು ಪದ್ಯಗಳನ್ನು ಬಿಡಿಸಿ ತೆಗೆದು ಕೇಳುವುದು ಈ ಕಾಲದ ವಾಡಿಕೆ. ಗಾನವೈಭವಗಳಿಂದ ಬಂದ ರುಚಿಯಿದು. ಪ್ರೀತಿಯಿಂದ ಮಾಡುವುದನ್ನು ಹಳಿಯಬೇಕಾಗಿಲ್ಲ. ಆದರೂ ಹಾಗೆ ಕೇಳಿದವರಿಗೆ ಸಿಕ್ಕುವುದು ಗಾಯಕಿ ಮಾತ್ರ. ಆಟವನ್ನು ಇರುಳಿಡೀ ನಡೆಸಿದ ಭಾಗವತರನ್ನು ಕಾಣಬೇಕಾದರೆ ಒಂದು ಪ್ರಸಂಗವನ್ನಾದರೂ ಮೊದಲಿಂದ ಕಡೆಯವರೆಗೆ, ಮಾತುಗಾರಿಕೆಯನ್ನೂ ಸೇರಿಸಿ, ಕೇಳಬೇಕು. ಯಾವ ಕ್ಷಣದಲ್ಲಿ ಜಾಗಟೆ ಬಿದ್ದಿತು, ಯಾವ ಅರ್ಥವನ್ನು ಬೆಳೆಯಗೊಟ್ಟರು, ಯಾವುದನ್ನು ತಡೆದರು ಎಂಬುದು ಅಲ್ಲಿ ಮಾತ್ರ ತಿಳಿಯುವುದು.

ರಾಜ್ಯೋತ್ಸವ ಪ್ರಶಸ್ತಿಯು ಅವರಿಗೆ ಬಂದುದು 2023ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ. ಅವರು ಹಲವರಿಗೆ ಭಾಗವತಿಕೆಯನ್ನು ಕಲಿಸಿದರು, ಇಂದು ಪದ್ಯ ಹೇಳುವ ತರುಣಿಯರೂ ಕರಾವಳಿಯಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ದೊರೆಯುವುದು ಹವ್ಯಾಸಿ ಕೂಟಗಳ ವೇದಿಕೆ, ಗಾನವೈಭವಗಳ ವೇದಿಕೆ. ವೃತ್ತಿಮೇಳದಲ್ಲಿ ನಡುವಿರುಳು ಕಳೆದ ಮೇಲೆ ಜಾಗಟೆಯನ್ನು ಕೈಗೆ ತೆಗೆದುಕೊಳ್ಳುವ ಹೆಂಗಸರು ಈಗಲೂ ವಿರಳರೇ.