ಅರ್ಧ ಮಾತ್ರೆಯ ತಪ್ಪು ಲೆಕ್ಕ

"ಅರ್ಧ ಮಾತ್ರೆ ಕೊಟ್ಟರೂ ಎರಡು ದಿನ ಅವನಿಗೆ ಏನೂ ಆಗಲಿಲ್ಲ ಸಾರ್. ಹಾಗಾದರೆ ಅರ್ಧವೇ ಸಾಕಲ್ಲವೆ?" ಹೊಳಲ್ಕೆರೆಯಲ್ಲಿ ಉಪನ್ಯಾಸವೊಂದು ಮುಗಿದ ಮೇಲೆ ಶಿಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ಬಂಧುವೊಬ್ಬರು ಹೆರಾಯಿನ್ ಚಟದಿಂದ ಹೊರಬರಲು ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ವೈದ್ಯರು ಬ್ಯುಪ್ರೆನಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ಇದೂ ಅಫೀಮಿನ ಬಳಗದ ವಸ್ತುವೇ ಎಂಬ ಅಳುಕು ಒಂದು ಕಡೆ. ಸುಮಾರು 200 ಕಿ.ಮೀ. ದೂರಕ್ಕೆ ಪದೇ ಪದೇ ಹೋಗಿಬರುವ ಖರ್ಚು ಇನ್ನೊಂದು ಕಡೆ. ಮನೆಯವರೇ ಮಾತ್ರೆ ಮುರಿದು ಕೊಡತೊಡಗಿದ್ದರು.

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಈ ವಾದದಲ್ಲಿರುವ ದೋಷ ಪ್ರಯೋಗ ವಿಧಾನಕ್ಕೆ ಸಂಬಂಧಿಸಿದ್ದು. ಆದ್ದರಿಂದ ಅದನ್ನು ನೀವು, ನಾನು ಸೇರಿ ಪರಿಶೀಲಿಸಬಹುದು.

ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿರುವ ವಾಣಿವಿಲಾಸ ಸಾಗರವನ್ನು ನೆನೆಯಿರಿ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಮಳೆಯೇ ಬರಲಿಲ್ಲವೆಂದಲ್ಲ. ಜಲಾಶಯದ ಮಟ್ಟವನ್ನು ನಿರ್ಧರಿಸುವುದು ಒಂದು ದಿನದ ಮಳೆಯಲ್ಲ, ಒಳಹರಿವು ಹೊರಹರಿವುಗಳ ಲೆಕ್ಕ. ದೇಹದಲ್ಲಿ ಔಷಧದ ಮಟ್ಟವೂ ಹಾಗೆಯೇ.

ಬ್ಯುಪ್ರೆನಾರ್ಫಿನ್‌ನ ಅರ್ಧಾಯು 24ರಿಂದ 42 ಗಂಟೆ. ಲೆಕ್ಕಕ್ಕಾಗಿ 36 ಗಂಟೆ ಎಂದಿಟ್ಟುಕೊಳ್ಳೋಣ. ಆಗ 24 ಗಂಟೆಗಳ ನಂತರ ಮೊದಲಿನ ಔಷಧದ ಶೇಕಡ 63ರಷ್ಟು ಉಳಿದಿರುತ್ತದೆ. ದಿನವೂ 100 ಮಾನ ಔಷಧ ಸೇರುತ್ತಿದ್ದರೆ ಗುಣೋತ್ತರ ಶ್ರೇಢಿಯ ಮೊತ್ತದಂತೆ ಮಟ್ಟ ಏರುತ್ತಾ ಹೋಗಿ, ಕೊನೆಗೆ ಮಾತ್ರೆ ತೆಗೆದುಕೊಂಡೊಡನೆ 270, ಮರುದಿನದ ಮಾತ್ರೆಗೆ ಮುಂಚೆ 170 ಎಂಬಲ್ಲಿ ನೆಲೆಸುತ್ತದೆ. ಮಾತ್ರೆಯನ್ನು ಅರ್ಧಕ್ಕಿಳಿಸಿದರೆ ಈ ಅಂಕಿಗಳು 135 ಮತ್ತು 85 ಆಗುತ್ತವೆ. ಪೂರ್ತಿ ಮಾತ್ರೆಯನ್ನೇ ದಿನ ಬಿಟ್ಟು ದಿನ ಕೊಟ್ಟರೆ 166 ಮತ್ತು 66. ಎರಡೂ ವಿಧದಲ್ಲಿ ಖರ್ಚಾಗುವ ಮಾತ್ರೆ ಒಂದೇ. ಆದರೆ ಎರಡನೆಯದರಲ್ಲಿ ತಗ್ಗು ಇನ್ನೂ ಆಳ.

ಮುಖ್ಯ ಅಂಶ ಇದು: ಹೊಸ ಮಟ್ಟ ನೆಲೆಸಲು ಸುಮಾರು ಐದು ಅರ್ಧಾಯುಗಳು, ಅಂದರೆ ಒಂದು ವಾರ ಬೇಕು. ಮೊದಲ ಎರಡು ದಿನ ಬಂಧುವನ್ನು ಕಾಪಾಡಿದ್ದು ಅರ್ಧ ಮಾತ್ರೆಯಲ್ಲ, ಹಿಂದಿನ ದಿನಗಳ ಪೂರ್ತಿ ಮಾತ್ರೆಗಳ ಉಳಿಕೆ. ವ್ಯವಸ್ಥೆ ಸ್ಥಿರ ಸ್ಥಿತಿಗೆ ಬರುವ ಮುನ್ನವೇ ಓದಿದ ಅಳತೆಯನ್ನು ಪ್ರಯೋಗಶಾಲೆಯಲ್ಲಿ ನೀವು ಒಪ್ಪುವುದಿಲ್ಲ. ಇಲ್ಲೇಕೆ ಒಪ್ಪಬೇಕು? ನಾಲ್ಕಾರು ದಿನಗಳಲ್ಲಿ ಮೈಕೈ ನೋವು, ಬೆವರು, ನಿದ್ರೆಗೇಡು, ಹೆರಾಯಿನ್ ಬೇಕೆಂಬ ತುಡಿತ ಕಾಣಿಸಿಕೊಂಡಾಗ "ಈ ಔಷಧವೇ ಕೆಲಸಕ್ಕೆ ಬಾರದು" ಎಂಬ ಎರಡನೆಯ ತಪ್ಪು ತೀರ್ಮಾನಕ್ಕೂ ಇದೇ ದಾರಿ.

ನನ್ನ ಲೆಕ್ಕಕ್ಕೂ ಮಿತಿಯಿದೆ. ಮಟ್ಟ ಅರ್ಧವಾದರೆ ಪರಿಣಾಮವೂ ಅರ್ಧವಾಗುತ್ತದೆ ಎನ್ನುವಂತಿಲ್ಲ. ಈ ಔಷಧ ಮಿದುಳಿನ ಗ್ರಾಹಿಗಳಿಗೆ ಬಿಗಿಯಾಗಿ ಅಂಟಿಕೊಂಡು, ಹೆರಾಯಿನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. 2003ರಲ್ಲಿ ಪ್ರಕಟವಾದ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರ ಅಧ್ಯಯನ ಇದನ್ನು ಪಾಸಿಟ್ರಾನ್ ಚಿತ್ರಣದಿಂದ ಅಳೆಯಿತು. ದಿನಕ್ಕೆ 2 ಮಿ.ಗ್ರಾಂ. ಕೊಟ್ಟಾಗ ಖಾಲಿಯಿರುವ ಗ್ರಾಹಿಗಳು ಶೇ. 41ರಷ್ಟು, 16 ಮಿ.ಗ್ರಾಂ.ಗೆ ಶೇ. 80ರಷ್ಟು, 32ಕ್ಕೆ ಶೇ. 84ರಷ್ಟು ಕಡಿಮೆಯಾದವು. ಇದು ಸರಳರೇಖೆಯಲ್ಲ, ಸಂತೃಪ್ತಿಯ ವಕ್ರರೇಖೆ. ಮೇಲ್ತುದಿಯಲ್ಲಿ ಪ್ರಮಾಣ ಇಮ್ಮಡಿಸಿದರೂ ಹೆಚ್ಚುವುದು ಅಲ್ಪ. ಕೆಳಗೆ ಇಳಿದಷ್ಟೂ ನಷ್ಟ ದೊಡ್ಡದು. ಅಧ್ಯಯನಕ್ಕೊಳಗಾದವರು ಐವರೇ ಎಂಬುದನ್ನು ಮರೆಯಬಾರದು. ಆದರೆ 1998ರಲ್ಲಿ ಲಿಂಗ್ ಮತ್ತು ಸಂಗಡಿಗರು 736 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲೂ 1 ಮಿ.ಗ್ರಾಂ.ಗಿಂತ 8 ಮಿ.ಗ್ರಾಂ. ಉತ್ತಮ ಫಲ ನೀಡಿತು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ, ನಿರ್ವಹಣಾ ಚಿಕಿತ್ಸೆಯಲ್ಲಿ ಸರಾಸರಿ ಪ್ರಮಾಣ ದಿನಕ್ಕೆ ಕನಿಷ್ಠ 8 ಮಿ.ಗ್ರಾಂ. ಇರಬೇಕೆಂದಿದೆ.

ಗೊತ್ತಿಲ್ಲದೆಯೂ ಪ್ರಮಾಣ ಕಡಿಮೆಯಾಗಬಹುದು. ಈ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ನುಂಗಿದರೆ ಬಹುಭಾಗವನ್ನು ಯಕೃತ್ತು ಒಡೆದುಹಾಕುತ್ತದೆ. ಪೂರ್ತಿ ಮಾತ್ರೆ ನುಂಗಿದವರಿಗೂ ದಕ್ಕುವುದು ಅಲ್ಪವೇ.

"ಒಂದು ಚಟ ಬಿಡಿಸಿ ಇನ್ನೊಂದನ್ನು ಹತ್ತಿಸುತ್ತಾರೆ" ಎಂಬ ಆಕ್ಷೇಪವನ್ನು ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಭಾಷಣಗಳಲ್ಲಿ ಕೇಳಿದ್ದೇನೆ. ದೇಹ ಔಷಧಕ್ಕೆ ಒಗ್ಗಿಕೊಂಡಿರುತ್ತದೆ, ನಿಜ. ಆದರೆ ಹೆರಾಯಿನ್ ಮಟ್ಟ ದಿನಕ್ಕೆ ಹಲವು ಬಾರಿ ಏರಿ ಕುಸಿಯುತ್ತದೆ. ಇದು ಸಮನಾಗಿದ್ದು, ಮನುಷ್ಯ ಕೆಲಸಕ್ಕೆ ಹೋಗಿ ಸಂಸಾರ ನೋಡಿಕೊಳ್ಳಲು ಅವಕಾಶ ಕೊಡುತ್ತದೆ. 2005ರಲ್ಲೇ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ಔಷಧ ಸಾಲದೆ ಹೆರಾಯಿನ್‌ಗೆ ಮರಳಿದವನ ಗತಿ ಬೇರೆ. ದೇಹದ ಸಹನಶಕ್ತಿ ತಗ್ಗಿರುವಾಗ ಹಳೆಯ ಪ್ರಮಾಣವೇ ಉಸಿರು ನಿಲ್ಲಿಸಬಲ್ಲದು.

ಹಾಗೆಂದು ಪ್ರಮಾಣವನ್ನು ತಾವಾಗಿ ಏರಿಸುವುದೂ ಸಲ್ಲದು. ಮದ್ಯ ಅಥವಾ ನಿದ್ರೆ ಮಾತ್ರೆ ಜೊತೆಗೂಡಿದರೆ ಈ ಔಷಧವೂ ಪ್ರಾಣಾಪಾಯ ತರಬಲ್ಲದು. ಇಳಿಸುವುದಾದರೆ ನಿಧಾನವಾಗಿ, ವೈದ್ಯರ ಕಣ್ಗಾವಲಿನಲ್ಲೇ ಇಳಿಸಬೇಕು.

ಆ ಶಿಕ್ಷಕರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಾತ್ರೆ ಮುರಿಯುವ ಮೊದಲು ವೈದ್ಯರಿಗೆ ಫೋನ್ ಮಾಡಿ. ದೂರ, ಖರ್ಚು, ಅಳುಕು ಯಾವುದನ್ನೂ ಮುಚ್ಚಿಡಬೇಡಿ. ಮುಂದಿನ ದಾರಿ ತೋಚದಿದ್ದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ತರಗತಿಯಲ್ಲಿ ಅರ್ಧಾಯು ಪಾಠ ಮಾಡುವಾಗ ಯುರೇನಿಯಂ ಜೊತೆಗೆ ಈ ಅರ್ಧ ಮಾತ್ರೆಯ ಲೆಕ್ಕವನ್ನೂ ಮಕ್ಕಳಿಂದ ಮಾಡಿಸಿ. ಅದು ಯಾರ ಮನೆಗೆ ಬೇಕಾಗಿದೆಯೋ, ನಮಗೆ ತಿಳಿಯದು.