ಬೆಟ್ಟ ಹತ್ತುವ ತೆರೆದ ಜೀಪು

ಮಡಿಕೇರಿ ಕಡೆಯಿಂದ ಮಾಂದಲಪಟ್ಟಿಗೆ ಹೊರಟವರು ಕೊನೆಯ ಕಡಿದಾದ ದಾರಿಗೆ ಕಾರು ಬಿಟ್ಟು ಜೀಪು ಹತ್ತುತ್ತಾರೆ. ಕಲ್ಲು, ಕೊರಕಲು, ಕೆಸರು ಯಾವುದಕ್ಕೂ ಜಗ್ಗದ ಈ ಗಾಡಿಯ ಗುಟ್ಟು ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನಲ್ಲಿದೆ. ಗೇರಿನ ಪಕ್ಕದ ಚಿಕ್ಕ ಲಿವರನ್ನು ಲೋಗೆ ಹಾಕಿದರೆ ನಾಲ್ಕೂ ಚಕ್ರ ನಿಧಾನಕ್ಕೆ, ಆದರೆ ದುಪ್ಪಟ್ಟಿಗೂ ಮಿಕ್ಕ ಬಲದಿಂದ ತಿರುಗುತ್ತವೆ. ಇಳಿಜಾರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಆಯ್ಕೆಗೆ ಕೊರತೆಯಿಲ್ಲ. ಪ್ಯೂಜೋ ಡೀಸೆಲ್ ಇಂಜಿನ್ನಿನ ಮಹೀಂದ್ರ ಎಂಎಂ 540 ಹೊರೆ ಹೊರುವ ಗಟ್ಟಿಗ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಪೆಟ್ರೋಲಿನದು, ಹಗುರ. ಕೆಸರಿನಲ್ಲಿ ಹೂತುಹೋಗುವುದು ಕಡಿಮೆ. 2010ರಲ್ಲಿ ಮಹೀಂದ್ರದ್ದೇ ಥಾರ್ ಬಂತು.

ಹಳೆಯ ಗಾಡಿ ಕೊಳ್ಳುವವರು ಹೊಸ ಪೇಂಟಿಗೆ ಮರುಳಾಗದೆ ಅಡಿಗೆ ನುಸುಳಿ ಚಾಸಿ ನೋಡಬೇಕು. ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ ತುಕ್ಕು ಪದರ ಏಳುತ್ತಿದ್ದರೆ ಆ ಗಾಡಿಯನ್ನು ಬಿಡುವುದೇ ಲೇಸು.

ಸುಧಾರಣೆ ಟೈರು ಮತ್ತು ಬ್ರೇಕಿನಿಂದಲೇ ಶುರುವಾಗಲಿ. ದಪ್ಪ ಗುಬಟಿನ ಮಡ್ ಟೈರು ಕೆಸರನ್ನು ಕಚ್ಚಿ ಹಿಡಿಯುತ್ತದೆ. ಆದರೆ ಅಳತೆ ಮೀರಿದ ಟೈರಿನಿಂದ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿಗೂ ಹೊರೆ. ಸಿಕ್ಕಿಕೊಂಡ ಗಾಡಿಯನ್ನು ಎಳೆದು ತೆಗೆಯುವ ವಿಂಚ್ ಆಮೇಲೆ ಬರಲಿ. ಇಂಜಿನ್ ಬದಲಿಸುವ ಆಸೆಯಿದ್ದರೆ ಮೊದಲು ಆರ್‌ಟಿಒ ಅನುಮತಿ ಪಡೆಯಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮನಬಂದ ಮಾರ್ಪಾಡನ್ನು ಒಪ್ಪುವುದಿಲ್ಲ.