ಕಟ್ಟಡಕ್ಕೆ ದಾನಿಗಳಿದ್ದಾರೆ, ಸಂಬಳಕ್ಕೆ ಯಾರು?

ಸೂರತ್‌ನ ಆಸ್ಪತ್ರೆ, ವಿದ್ಯಾಸಂಸ್ಥೆ, ಸಮಾಜದ ವಾಡಿ (ಸಮುದಾಯ ಭವನ), ಯಾವುದಕ್ಕೇ ಹೋಗಿ, ಒಳಗೆ ಕಾಲಿಡುವ ಮೊದಲೇ ದಾನಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕ ಎದುರಾಗುತ್ತದೆ. ಕೊಟ್ಟವರ ಹೆಸರು, ಅವರ ತಂದೆತಾಯಿಯರ ಹೆಸರು, ಸೌರಾಷ್ಟ್ರದ ಹುಟ್ಟೂರು. 2017ರಲ್ಲಿ ಉದ್ಘಾಟನೆಯಾದ ಕಿರಣ್ ಆಸ್ಪತ್ರೆಯ ಬೆನ್ನಿಗೆ ನಿಂತದ್ದು ವಜ್ರೋದ್ಯಮಿಗಳ ಇಂಥ ಕೊಡುಗೈಯೇ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಆ ಹಾಸಿಗೆಗಳ ಮೇಲೆ ಮಲಗುವವರು ನಿಜವಾದ ರೋಗಿಗಳೇ. ಆದರೆ ಇಂಥ ಫಲಕದ ಮೇಲೆ ‘ಲೆಕ್ಕಿಗನ ಮೂರು ವರ್ಷದ ಸಂಬಳಕ್ಕೆ’, ‘ಆಪ್ತಸಮಾಲೋಚಕಿಯ ಪಿಎಫ್‌ಗೆ’ ಎಂದು ಕೊಟ್ಟವರ ಹೆಸರನ್ನು ಹುಡುಕಿ ನೋಡಿ.

ದೀಪಾವಳಿಯಲ್ಲಿ ಚೋಪಡಾ ಪೂಜೆ ಮಾಡಿ ಲೆಕ್ಕದ ಪುಸ್ತಕಕ್ಕೆ ಕೈಮುಗಿಯುವ ಊರುಗಳು ಅಹಮದಾಬಾದ್, ವಡೋದರಾ, ಸೂರತ್. ಬಾಡಿಗೆ, ಗುಮಾಸ್ತನ ಸಂಬಳ, ಸವಕಳಿ ಸೇರಿಸದೆ ಸರಕಿನ ಬೆಲೆ ಕಟ್ಟುವ ವ್ಯಾಪಾರಿಯನ್ನು ಈ ಊರುಗಳಲ್ಲಿ ದಡ್ಡನೆನ್ನುತ್ತಾರೆ. ಅದೇ ವ್ಯಾಪಾರಿ ಸೇವಾಸಂಸ್ಥೆಯ ಬಜೆಟ್ ಕೈಗೆತ್ತಿಕೊಂಡರೆ ಮೊದಲು ಗೆರೆ ಎಳೆಯುವುದು ಇವೇ ಬಾಬ್ತುಗಳ ಮೇಲೆ. ಅನುದಾನದ ಈ ಪದ್ಧತಿ ಜಿಪುಣತನದ್ದಲ್ಲ, ಲೆಕ್ಕ ತಪ್ಪಿದ್ದು ಎಂಬುದು ನನ್ನ ತಕರಾರು.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಸೂರತ್‌ನ ಪಾಂಡೇಸರಾ ಕಡೆ, ಒಡಿಶಾದ ಗಂಜಾಂನಿಂದ ಬಂದ ಮಗ್ಗದ ಕಾರ್ಮಿಕರಿಗೊಂದು ಸಹಾಯ ಕೇಂದ್ರ. ವರ್ಷದ ಖರ್ಚು 30 ಲಕ್ಷ ರೂಪಾಯಿ. ಕ್ಷೇತ್ರ ಕಾರ್ಯಕರ್ತರು, ವಕೀಲರು, ಆರೋಗ್ಯ ಶಿಬಿರ ಸೇರಿ 24 ಲಕ್ಷ. ಉಳಿದ 6 ಲಕ್ಷ ಕಚೇರಿ ಬಾಡಿಗೆ, ಲೆಕ್ಕಿಗ, ಆಡಿಟ್, ಕರೆಂಟು, ಮ್ಯಾನೇಜರ್‌ನ ಒಂದಿಷ್ಟು ಸಮಯ. ದಾನಿ ಕಂಪನಿ ‘ಆಡಳಿತಕ್ಕೆ ಶೇ. 5 ಮಾತ್ರ’ ಎನ್ನುತ್ತದೆ. 24 ಲಕ್ಷದ ಮೇಲೆ ಅದು 1.20 ಲಕ್ಷವಾಯಿತು. ಮಿಕ್ಕ 4.80 ಲಕ್ಷ? ಲೆಕ್ಕಿಗ ರಾತ್ರೋರಾತ್ರಿ ‘ದಾಖಲಾತಿ ಸಂಯೋಜಕ’ನಾಗುತ್ತಾನೆ, ಬಾಡಿಗೆ ‘ತರಬೇತಿ ಸ್ಥಳದ ವೆಚ್ಚ’ವಾಗುತ್ತದೆ. ಅದಕ್ಕೂ ಎಟುಕದ್ದು ಕಾರ್ಯಕರ್ತೆಯ ಸಂಬಳದಿಂದ ಹೋಗುತ್ತದೆ: ಕಡಿಮೆ ಸಂಬಳ, ತಡವಾದ ಸಂಬಳ, ಇಲ್ಲವೇ ಹನ್ನೊಂದು ತಿಂಗಳ ಗುತ್ತಿಗೆ. ಬಡ ಕಾರ್ಮಿಕನ ಹಕ್ಕಿಗಾಗಿ ಓಡಾಡುವವಳಿಗೇ ಪಿಎಫ್ ಇಲ್ಲ.

ಈ ಶೇ. 5 ಎಲ್ಲಿಂದ ಬಂತು? 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಕ್ಕೆ (ಸಿಎಸ್‌ಆರ್) ಖರ್ಚು ಮಾಡಬೇಕೆನ್ನುತ್ತದೆ. ಅದರಲ್ಲಿ ಆಡಳಿತ ವೆಚ್ಚ ಶೇ. 5 ಮೀರಬಾರದೆಂಬುದು ನಿಯಮ. ಆದರೆ 2021ರ ತಿದ್ದುಪಡಿ ಬಿಡಿಸಿ ಹೇಳಿರುವ ಹಾಗೆ, ಆ ಮಿತಿ ಕಂಪನಿ ತನ್ನದೇ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ ಹಾಕಿದ್ದು; ಯೋಜನೆಯ ರೂಪರೇಷೆ, ಅನುಷ್ಠಾನ, ಮೇಲ್ವಿಚಾರಣೆಗೆ ನೇರವಾಗಿ ತಗಲುವ ವೆಚ್ಚ ಅದರೊಳಗೆ ಬರುವುದೇ ಇಲ್ಲ. ತನಗೆ ಹಾಕಿದ ಮೂಗುದಾರವನ್ನು ಕಂಪನಿ ಬಿಚ್ಚಿ ಸಂಸ್ಥೆಯ ಮೂಗಿಗೆ ಏರಿಸಿದರೂ, ನಿಯಮ ಓದದ ಮ್ಯಾನೇಜರ್ ತಲೆಯಾಡಿಸುತ್ತಾನೆ.

ಬ್ರಿಡ್ಜ್‌ಸ್ಪ್ಯಾನ್ ಸಂಸ್ಥೆ ಭಾರತದ 40 ಸೇವಾಸಂಸ್ಥೆಗಳ ಲೆಕ್ಕ ತೆಗೆದಾಗ ಪರೋಕ್ಷ ವೆಚ್ಚ ಶೇ. 5ರಿಂದ ಶೇ. 51ರವರೆಗೆ ಹರಡಿಕೊಂಡಿತ್ತು. ಕೆಲಸಕ್ಕೆ ತಕ್ಕಂತೆ ಖರ್ಚು. ಬಿಸಿಯೂಟದ ಅಡುಗೆಮನೆಗೂ ಮಾನಸಿಕ ಆರೋಗ್ಯ ಕೇಂದ್ರಕ್ಕೂ ಒಂದೇ ಗಜಕಡ್ಡಿ ಹಿಡಿಯಲಾಗದು. ನಮ್ಮ ಬೆಂಗಳೂರಿನಲ್ಲಿ ಹುಟ್ಟಿ ಗುಜರಾತಿನಲ್ಲೂ ಅಡುಗೆಮನೆ ನಡೆಸುತ್ತಿರುವ ಅಕ್ಷಯ ಪಾತ್ರಕ್ಕೆ ‘ಒಂದು ಮಗುವಿನ ಊಟಕ್ಕೆ ಇಷ್ಟು’ ಎಂದು ಕೇಳುವ ಅನುಕೂಲವಿದೆ. ಗಂಡನ ಹೊಡೆತ ತಿಂದು ಬಂದವಳ ಜೊತೆ ಕೂತು ಕಳೆದ ಎರಡು ಗಂಟೆಯನ್ನು ಯಾವ ದರಪಟ್ಟಿಗೆ ಏರಿಸುವುದು?

ವಿದೇಶಿ ಹಣದ ಕಥೆ ಇನ್ನೂ ಬಿಗಿ. ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಹಂಚುವುದನ್ನು ನಿಲ್ಲಿಸಿತು. ಮಿತಿ ಹಾಕಿದ್ದೇ ತಪ್ಪೆಂದು ನಾನು ವಾದಿಸಲಾರೆ. ಅರ್ಧ ಹಣವನ್ನು ಕಾರು, ಕಚೇರಿಗೆ ಸುರಿಯಲು ದಾರಿ ಬಿಟ್ಟಿದ್ದ ನಿಯಮ ಬಿಗಿಯಾಗಬೇಕಿತ್ತು. ಹಂಚಿಕೆಯ ನಿಷೇಧ ಮಾತ್ರ ಪೆಟ್ಟು ಕೊಟ್ಟದ್ದು ಬೇರೆಯವರಿಗೆ. ಅಹಮದಾಬಾದಿನ ದೊಡ್ಡ ಸಂಸ್ಥೆ ವಿದೇಶದಿಂದ ತಂದ ಹಣದಲ್ಲಿ ಡಾಂಗ್ ಜಿಲ್ಲೆಯ ಸಣ್ಣ ಗುಂಪಿಗೆ ಪಾಲು ಕೊಡುವ ದಾರಿ ಅಲ್ಲಿಗೆ ಮುಚ್ಚಿತು.

ತಪ್ಪೆಲ್ಲ ದಾನಿಯದೇ, ಕಾನೂನಿನದೇ ಎನ್ನುವುದು ಸಂಸ್ಥೆಗಳಿಗೆ ಹಿತವಾದ ಮಾತು. ‘ನಿಮ್ಮ ಪ್ರತಿ ರೂಪಾಯಿಯೂ ನೇರ ಫಲಾನುಭವಿಗೆ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದವರು ಯಾರು? ಮಾರ್ಚ್ ಬಂದೊಡನೆ ಉಳಿದ ಹಣ ವಾಪಸಾಗದಿರಲೆಂದು ಕಾರ್ಯಾಗಾರಗಳ ಸರಮಾಲೆ ಹಚ್ಚುವವರು ಯಾರು? ಆದಾಯ ತೆರಿಗೆ ಕಾಯ್ದೆ ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ಬಳಸಿ ಎನ್ನುತ್ತದೆ, ಮಿಕ್ಕ ಶೇ. 15 ಉಳಿಸಿಕೊಳ್ಳಲು ಅಡ್ಡಿಯಿಲ್ಲ. ನಿಬಂಧನೆಯಿಲ್ಲದೆ ಬಂದ ಚಿಕ್ಕಪುಟ್ಟ ದೇಣಿಗೆಯಿಂದಾದರೂ ಹೀಗೊಂದು ಆಪತ್ತಿನ ನಿಧಿ ಕಟ್ಟುವುದನ್ನು ಬಿಟ್ಟು, ಉಳಿತಾಯವೆಂದರೆ ಪಾಪವೆಂಬಂತೆ ನಡೆದುಕೊಳ್ಳುವ ಟ್ರಸ್ಟಿಗಳಿದ್ದಾರೆ.

ಈ ನೆಲದಲ್ಲೇ ಬೇರೊಂದು ರೀತಿಯ ಅನುದಾನವೂ ನಡೆದಿದೆ. 1915ರ ಮೇ 25ರಂದು ಗಾಂಧಿ ಅಹಮದಾಬಾದಿನ ಕೋಚರಬ್‌ನ ಬಾಡಿಗೆ ಬಂಗಲೆಯಲ್ಲಿ ಆಶ್ರಮ ತೆರೆದರು. ಶ್ರೀಮಂತ ಊರು, ಹಣಕ್ಕೆ ಕೊರತೆಯಾಗದೆಂಬುದು ಆ ಆಯ್ಕೆಗೆ ಒಂದು ಕಾರಣ. ಕೆಲವೇ ತಿಂಗಳಲ್ಲಿ ದೂದಾಭಾಯಿಯ ದಲಿತ ಕುಟುಂಬ ಆಶ್ರಮಕ್ಕೆ ಬಂತು, ದೇಣಿಗೆ ನಿಂತಿತು. ಬರುವ ತಿಂಗಳಿಗೆ ಕಾಸಿಲ್ಲವೆಂದು ಆಶ್ರಮ ನೋಡಿಕೊಳ್ಳುತ್ತಿದ್ದ ಮಗನ್‌ಲಾಲ್ ತಿಳಿಸಿದರು. ಆಗೊಂದು ಕಾರು ಬಂದು ನಿಂತಿತು. ಸಹಾಯ ಮಾಡಿದರೆ ತೆಗೆದುಕೊಳ್ಳುವಿರಾ ಎಂದು ಕೇಳಿ ಹೋದ ಶೇಠ್, ಮರುದಿನ ಅದೇ ಹೊತ್ತಿಗೆ ಬಂದು ಹಾರ್ನ್ ಹೊಡೆದು, 13,000 ರೂಪಾಯಿಯ ನೋಟುಗಳನ್ನು ಕೈಗಿಟ್ಟು, ಒಳಗೂ ಬಾರದೆ ಹೊರಟುಹೋದರು. ಸುಮಾರು ಒಂದು ವರ್ಷದ ಖರ್ಚು ಅದು. ಷರತ್ತಿಲ್ಲ, ಫಲಕವಿಲ್ಲ. ಆತ್ಮಕಥೆಯಲ್ಲಿ ಹೆಸರಿಲ್ಲದ ಆ ಶೇಠ್ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಎಂಬುದು ಈಗ ಎಲ್ಲರಿಗೂ ಗೊತ್ತು. ಮೂರೇ ವರ್ಷಕ್ಕೆ, 1918ರ ಗಿರಣಿ ಮುಷ್ಕರದಲ್ಲಿ, ಗಾಂಧಿ ಕಾರ್ಮಿಕರ ಪರ, ಅಂಬಾಲಾಲ್ ಮಾಲೀಕರ ಪರ. ಅಂಬಾಲಾಲರ ಅಕ್ಕ ಅನಸೂಯಾ ಕೂಡ ಕಾರ್ಮಿಕರ ಜೊತೆ. ಇಂದಿನ ಒಪ್ಪಂದಪತ್ರ (ಎಂಒಯು) ಒಂದಕ್ಕೆ ಸಹಿ ಹಾಕಿದ ಸಂಸ್ಥೆ ತನ್ನ ದಾನಿಯ ಕಾರ್ಖಾನೆಯ ಗೇಟಿನ ಮುಂದೆ ಹೀಗೆ ನಿಲ್ಲುವುದನ್ನು ಕಲ್ಪಿಸಿಕೊಳ್ಳಲೂ ಕಷ್ಟ.

ಆ ಮುಷ್ಕರದ ಬೆನ್ನಿಗೆ 1920ರಲ್ಲಿ ಗಿರಣಿ ಕಾರ್ಮಿಕರ ಸಂಘ ಮಜೂರ್ ಮಹಾಜನ್ ಹುಟ್ಟಿತು, ಅದರ ಮಹಿಳಾ ವಿಭಾಗದಿಂದ 1972ರಲ್ಲಿ ದುಡಿಯುವ ಹೆಂಗಸರ ಸಂಘ, ಇಳಾ ಭಟ್ಟರ ‘ಸೇವಾ’. 1974ರಲ್ಲಿ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ ಬ್ಯಾಂಕು ಕಟ್ಟಿದರು. ಸಹಿ ಬಾರದವರ ಗುರುತಿಗೆ ಪಾಸ್‌ಬುಕ್ಕಿನಲ್ಲಿ ಫೋಟೊ ಅಂಟಿಸಿದರು. ‘ಸೇವಾ’ ಅನುದಾನ ಪಡೆಯಲಿಲ್ಲವೆಂದಲ್ಲ, ಧಾರಾಳವಾಗಿ ಪಡೆಯಿತು. ಅದರ ಪಕ್ಕದಲ್ಲಿ ಸದಸ್ಯರ ಚಂದಾ, ಸಹಕಾರಿಗಳ ಗಳಿಕೆ ಇದ್ದವು. ಇದನ್ನೇ ಎಲ್ಲರಿಗೂ ಮಾದರಿ ಎನ್ನುವ ಭಾಷಣಗಳು ನನಗೆ ಒಪ್ಪಿಗೆಯಿಲ್ಲ. ತರಕಾರಿ ಮಾರುವವಳು ಚಂದಾ ಕೊಟ್ಟಾಳು. ಬೀದಿಯಲ್ಲಿ ಸಿಕ್ಕ ಮನೋರೋಗಿಯಿಂದ ಏನು ವಸೂಲಿ ಮಾಡುವುದು? ಅಂಥ ಕೆಲಸಕ್ಕೆ ಊರೇ ಹಣ ಕೂಡಿಸಬೇಕು. ಉದ್ಯಮಿಗಳು, ವಿಶ್ವವಿದ್ಯಾಲಯ, ನಗರಾಡಳಿತವನ್ನು ಒಂದೆಡೆ ತಂದು 1966ರಲ್ಲಿ ಶುರುವಾದ ವಡೋದರಾದ ಬರೋಡಾ ಸಿಟಿಜನ್ಸ್ ಕೌನ್ಸಿಲ್ ಅಂಥ ಯೋಚನೆಗೆ ಹತ್ತಿರದ್ದು. ಪ್ರತಿ ಕಂಪನಿಯೂ ತನ್ನದೇ ಪ್ರತಿಷ್ಠಾನ ತೆರೆದು ತನ್ನದೇ ನಮೂನೆಯ ವರದಿ ಕೇಳುವುದಕ್ಕಿಂತ ಅದು ಮೇಲು.

ಸ್ವಂತ ಹಣದ ಬೆಲೆ ಜಗಳದ ಹೊತ್ತಿನಲ್ಲಿ ತಿಳಿಯುತ್ತದೆ. 2001ರ ಭೂಕಂಪದ ನಂತರ ಕಛ್, ಪಾಟಣ್, ಸುರೇಂದ್ರನಗರ ಜಿಲ್ಲೆಗಳಿಗೆ ಅಂತರರಾಷ್ಟ್ರೀಯ ಸಂಸ್ಥೆ ಇಫಾಡ್‌ನ ನೆರವಿನಲ್ಲಿ, ‘ಸೇವಾ’ ಪಾಲ್ಗೊಂಡ ‘ಜೀವಿಕಾ’ ಯೋಜನೆ ಬಂತು. ರಾಜ್ಯ ಸರ್ಕಾರ ಲೆಕ್ಕಪತ್ರದ ಆಕ್ಷೇಪ ಎತ್ತಿತು, ‘ಸೇವಾ’ ಅಲ್ಲಗಳೆಯಿತು, ಹಣ ಸಿಕ್ಕಿಹಾಕಿಕೊಂಡಿತು, 2005ರಲ್ಲಿ ‘ಸೇವಾ’ ಹೊರಬಂತು. ಬಂದೂ ಉಳಿಯಿತು. 2016ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ದಲಿತ ಹಕ್ಕುಗಳ ಸಂಸ್ಥೆ ನವಸರ್ಜನ್ ಟ್ರಸ್ಟ್‌ನ ಎಫ್‌ಸಿಆರ್‌ಎ ನೋಂದಣಿ ರದ್ದಾಯಿತು. ಆ ನಿರ್ಧಾರದ ಸರಿತಪ್ಪು ಬೇರೆ ಚರ್ಚೆ. ಆದರೆ ವಿದೇಶಿ ಹಣದ ಬಾಗಿಲು ಮುಚ್ಚಿದ ಕೆಲವೇ ದಿನಗಳಲ್ಲಿ, ಹಳ್ಳಿಹಳ್ಳಿ ಸುತ್ತಿ ಅಸ್ಪೃಶ್ಯತೆಯ ದಾಖಲೆ ಮಾಡುತ್ತಿದ್ದ ಕಾರ್ಯಕರ್ತರನ್ನು ಅದು ಕೆಲಸದಿಂದ ಬಿಡಬೇಕಾಯಿತು. ಅವರ ಸಂಬಳಕ್ಕೆ ಮುಂದೆ ಬರಬಹುದಾಗಿದ್ದ ಹಣ ಅದೇ ಊರಿನ ಗಿರಣಿ, ಔಷಧ, ರಾಸಾಯನಿಕ ವಹಿವಾಟಿನಲ್ಲಿ ಬೇಕಾದಷ್ಟಿತ್ತು.